ಪ್ರಾಗ್‌ನಲ್ಲಿ ಇಬ್ಬರಿಗೆ ಒಂದು ದಿನ: ಸೇತುವೆ ಮೊದಲು, ಕೋಟೆ ಆಮೇಲೆ, ಗಡಿಯಾರ ಕೊನೆಗೆ

ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೋದ ಜೋಡಿಗಳು ಸಾಮಾನ್ಯವಾಗಿ ದಿನವನ್ನು ತಪ್ಪು ತುದಿಯಿಂದ ಹಿಡಿಯುತ್ತಾರೆ. ಹೋಟೆಲಿನಲ್ಲಿ ನಿಧಾನಕ್ಕೆ ತಿಂಡಿ ಮುಗಿಸಿ ಹತ್ತು ಗಂಟೆಗೆ ಹಳೇ ಪೇಟೆಯ ಚೌಕ, ಅಲ್ಲಿಂದ ಜಾತ್ರೆಯಂಥ ಜನದ ನಡುವೆ ಚಾರ್ಲ್ಸ್ ಸೇತುವೆ, ಊಟದ ಹೊತ್ತು ಮೀರಿದ ಮೇಲೆ ಬಿಸಿಲಲ್ಲಿ ಕೋಟೆಯ ಗುಡ್ಡ. ಮೇಲೆ ಹೋಗಿ ತಪಾಸಣೆಯ ಸಾಲಿನಲ್ಲಿ ನಿಲ್ಲುವಷ್ಟರಲ್ಲಿ ಒಬ್ಬರಿಗೆ ಕಾಲುನೋವು, ಇನ್ನೊಬ್ಬರಿಗೆ ಹಸಿವು, ಇಬ್ಬರಿಗೂ ಮಾತು ಬೇಡ. ಇದೇ ಜಾಗಗಳ ಕ್ರಮ ಬದಲಿಸಿದರೆ ಸಾಕು: ಜನ ಏಳುವ ಮುಂಚೆ ಸೇತುವೆ, ಗುಡ್ಡ ಹತ್ತಲು ಟ್ರ್ಯಾಮ್, ಇಳಿಯಲು ಮಾತ್ರ ಕಾಲು, ಚೌಕದ ಹಳೇ ಪುರಭವನದ ಗಡಿಯಾರ ಸಂಜೆಗೆ. ಒಟ್ಟು ನಡಿಗೆ 9–10 ಕಿ.ಮೀ. ಆಗುತ್ತದೆ, ಆದರೆ ಏರು ಇಲ್ಲವೆನ್ನುವಷ್ಟು ಕಡಿಮೆ.

ಹಿಂದಿನ ದಿನವೇ ಮುಗಿಸಬೇಕಾದದ್ದು

ಮೊದಲು ದುಡ್ಡು. ಚೆಕ್ ದೇಶದ್ದು ಯೂರೋ ಅಲ್ಲ, ಕೊರುನಾ. ಒಂದು ಯೂರೋಗೆ 24–25 ಕೊರುನಾ, ಒಂದು ಕೊರುನಾಗೆ ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕು ರೂಪಾಯಿ. ಕಾರ್ಡ್ ಬಹುತೇಕ ಎಲ್ಲೆಡೆ ನಡೆಯುತ್ತದೆ. ಸಾರ್ವಜನಿಕ ಶೌಚಾಲಯಕ್ಕೆ ಮಾತ್ರ ಹತ್ತು, ಇಪ್ಪತ್ತರ ನಾಣ್ಯ ಜೇಬಿನಲ್ಲಿರಲಿ. ಎಟಿಎಂ ಆಗಲಿ ಹೋಟೆಲಿನ ಸ್ವೈಪ್ ಯಂತ್ರವಾಗಲಿ 'ನಿಮ್ಮ ದೇಶದ ಹಣದಲ್ಲೇ ಕಡಿತ ಮಾಡಲೇ?' ಎಂದು ಕೇಳಿದರೆ ಬೇಡವೆಂದು ಕೊರುನಾವನ್ನೇ ಆರಿಸಿ. ಹೂಂ ಎಂದರೆ ವಿನಿಮಯ ದರ ನಿಮ್ಮ ಬ್ಯಾಂಕಿನದಲ್ಲ, ಯಂತ್ರ ಇಟ್ಟವರದು; ಪ್ರತಿ ಸಲವೂ ಒಂದಿಷ್ಟು ಕೈಬಿಟ್ಟು ಹೋಗುತ್ತದೆ. ಬೀದಿಯಲ್ಲಿ ಒಳ್ಳೆ ರೇಟು ಕೊಡುತ್ತೇನೆಂದು ಬರುವವನ ನೋಟು ಬೇರೆ ದೇಶದ್ದಾಗಿರುತ್ತದೆ, ಕೆಲವೊಮ್ಮೆ ಚಲಾವಣೆಯಲ್ಲೇ ಇರದ್ದು. ಅಂಗಡಿಯಲ್ಲಿ ಬದಲಾಯಿಸಿ ಮೋಸವೆನಿಸಿದರೆ ಒಂದು ದಾರಿಯಿದೆ: 2019ರಿಂದ ಜಾರಿಯಲ್ಲಿರುವ ನಿಯಮದಂತೆ 1,000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು. ಅದಕ್ಕೆ ರಸೀದಿ ಬೇಕೇ ಬೇಕು.

ಜರ್ಮನಿಯಲ್ಲಿ ಕೆಲಸದಲ್ಲಿರುವ ಕನ್ನಡಿಗರು ಮ್ಯೂನಿಕ್, ಡ್ರೆಸ್ಡೆನ್, ಬರ್ಲಿನ್‌ಗಳಿಂದ ವಾರಾಂತ್ಯಕ್ಕೆ ಇಲ್ಲಿಗೆ ಬರುವುದುಂಟು. ಡ್ರೆಸ್ಡೆನ್‌ನಿಂದ ರೈಲಿನಲ್ಲಿ ಎರಡೂಕಾಲು ಗಂಟೆ ಚಿಲ್ಲರೆ. ಜರ್ಮನ್ ವಾಸ ಪರವಾನಗಿ ಇದ್ದವರಿಗೆ ಬೇರೆ ವೀಸಾ ಬೇಡ. ಆದರೂ ಇಬ್ಬರೂ ಪರವಾನಗಿ ಕಾರ್ಡಿನ ಜೊತೆ ಪಾಸ್‌ಪೋರ್ಟಿನ ಮೂಲಪ್ರತಿಯನ್ನೇ ಇಟ್ಟುಕೊಳ್ಳಿ. ವಾಪಸು ಹೋಗುವಾಗ ಗಡಿಯಲ್ಲಿ ಪೊಲೀಸರು ರೈಲು ಹತ್ತಿ ಕೇಳಬಹುದು, ಫೋನಿನಲ್ಲಿರುವ ಫೋಟೋ ಒಪ್ಪುವುದಿಲ್ಲ.

ಆಮೇಲೆ ಟಿಕೆಟ್. ಟ್ರ್ಯಾಮ್, ಮೆಟ್ರೋ, ಬಸ್ ಮೂರಕ್ಕೂ ಒಂದೇ ಟಿಕೆಟ್. ಲೆಕ್ಕ ದೂರದ್ದಲ್ಲ, ಸಮಯದ್ದು. 2025ರಲ್ಲಿ 30 ನಿಮಿಷದ್ದು 30 ಕೊರುನಾ, 24 ಗಂಟೆಯದ್ದು 120 ಕೊರುನಾ ಇತ್ತು. ಹೊರಡುವ ಮುನ್ನ ಹೊಸ ದರ ನೋಡಿಕೊಳ್ಳಿ, ಆದರೆ ಲೆಕ್ಕಾಚಾರ ಅದೇ: ದಿನಕ್ಕೆ ನಾಲ್ಕು ಸಲ ಹತ್ತುವುದಿದ್ದರೆ ದಿನದ ಟಿಕೆಟ್, ಇಲ್ಲವಾದರೆ ಬಿಡಿ ಟಿಕೆಟ್. ಎಡವಟ್ಟಾಗುವುದು ಮುದ್ರೆಯಲ್ಲಿ. ಮೆಟ್ರೋ ನಿಲ್ದಾಣದ ಯಂತ್ರದಿಂದ ಬಂದ ಕಾಗದದ ಟಿಕೆಟ್ ಖಾಲಿ ಚೀಟಿಯಿದ್ದ ಹಾಗೆ. ಹಳದಿ ಪೆಟ್ಟಿಗೆಗೆ ತೂರಿಸಿ ದಿನಾಂಕ, ಸಮಯ ಒತ್ತಿಸಿದ ಮೇಲೇ ಅದಕ್ಕೆ ಬೆಲೆ. ಒಂದೇ ಸಲ ಒತ್ತಿಸಬೇಕು; ಎರಡನೇ ಸಲ ಒತ್ತಿಸಿದರೆ ಅಕ್ಷರದ ಮೇಲೆ ಅಕ್ಷರ ಬಿದ್ದು ಟಿಕೆಟ್ ಕೆಡುತ್ತದೆ. ಇಬ್ಬರ ಟಿಕೆಟನ್ನೂ ಒಬ್ಬರೇ ಇಟ್ಟುಕೊಂಡು, ಒಂದಕ್ಕೆ ಒತ್ತಿಸಿ ಇನ್ನೊಂದನ್ನು ಮರೆಯುವುದು ಜೋಡಿಗಳು ದಂಡ ಕಟ್ಟುವ ಮಾಮೂಲಿ ದಾರಿ. ಟ್ರ್ಯಾಮ್ ಒಳಗಿನ ಕಾರ್ಡ್ ಯಂತ್ರದಲ್ಲಿ ಕೊಂಡದ್ದು ಮಾತ್ರ ಮುದ್ರೆ ಬಿದ್ದೇ ಬರುತ್ತದೆ. ಆ್ಯಪ್‌ನಲ್ಲಿ ಕೊಂಡಿದ್ದರೆ ಹತ್ತುವ ಮೊದಲೇ ಚಾಲೂ ಮಾಡಿ. ಅದು ಜಾರಿಗೆ ಬರಲು ಸ್ವಲ್ಪ ಹೊತ್ತು ಬೇಕು. ತಪಾಸಣೆಯವರನ್ನು ಕಂಡ ಮೇಲೆ ಬೆರಳು ಒತ್ತಿ ಪ್ರಯೋಜನವಿಲ್ಲ.

ಇನ್ನು ಚಪ್ಪಲಿ. ಇಡೀ ಹಳೇ ಪೇಟೆಗೆ ಮುಷ್ಟಿಗಾತ್ರದ ಕಲ್ಲು ಹಾಸಿದ್ದಾರೆ, ಸಂದಿಗಳು ಆಳ. ಹೀಲ್ಸ್ ಸಿಕ್ಕಿಕೊಳ್ಳುತ್ತದೆ, ತೆಳು ಅಟ್ಟೆಯ ಚಪ್ಪಲಿಯಲ್ಲಿ ಮಧ್ಯಾಹ್ನಕ್ಕೆ ಅಂಗಾಲು ಉರಿಯುತ್ತದೆ. ಸೀರೆ ಉಟ್ಟು ಸೇತುವೆಯ ಮೇಲೆ ಫೋಟೋ ತೆಗೆಸಿಕೊಳ್ಳುವ ಆಸೆಯಿದ್ದರೆ ಧಾರಾಳವಾಗಿ ಉಡಿ, ಸೆರಗಿಗೆ ಎರಡು ಪಿನ್ನು ಹೆಚ್ಚು ಹಾಕಿ, ಒಳಗೆ ಕ್ಯಾನ್ವಾಸ್ ಶೂ ಹಾಕಿಕೊಳ್ಳಿ. ನದಿಯ ಗಾಳಿ ಜೋರು.

ಬೆಳಗ್ಗೆ: ಸೇತುವೆ

ಎಷ್ಟು ಗಂಟೆಗೆ ಹೋಗಬೇಕು ಎನ್ನುವುದು ತಿಂಗಳಿನ ಮೇಲೆ. ಜೂನ್‌ನಲ್ಲಿ ಸೂರ್ಯ ಹುಟ್ಟುವುದು ಐದಕ್ಕೆ ಮುಂಚೆ. ಅಷ್ಟು ಬೇಗ ಏಳಬೇಕಿಲ್ಲ, ಆರೂವರೆಗೆ ಹೋದರೂ ಸೇತುವೆ ಬಿಡುವಾಗಿರುತ್ತದೆ. ಅಕ್ಟೋಬರ್‌ನಲ್ಲಿ ಏಳರಿಂದ ಏಳೂಮುಕ್ಕಾಲರ ನಡುವೆ, ಡಿಸೆಂಬರ್‌ನಲ್ಲಿ ಸುಮಾರು ಎಂಟಕ್ಕೆ ಸೂರ್ಯೋದಯ. ಅಂದರೆ ಚಳಿಗಾಲದಲ್ಲಿ ತಡವಾಗಿ ಎದ್ದವರಿಗೂ ಸೂರ್ಯೋದಯ ಸಿಗುತ್ತದೆ. ಒಂಬತ್ತು ದಾಟಿದರೆ ಮಾತ್ರ ಆಟ ಮುಗಿಯಿತು.

ಹಳೇ ಪೇಟೆಯ ಗೋಪುರದ ಕಡೆಯಿಂದಲೇ ಹತ್ತಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಏಳುತ್ತಾನೆ, ಬೆಳಕು ನೇರ ಎದುರಿನ ಕೋಟೆಯ ಮೇಲೆ ಬೀಳುತ್ತದೆ. ಸಂಜೆ ಅದೇ ಜಾಗದಲ್ಲಿ ನಿಂತರೆ ಸೂರ್ಯ ಕೋಟೆಯ ಹಿಂದೆ, ಫೋಟೋದಲ್ಲಿ ಕಟ್ಟಡ ಕಪ್ಪು ನೆರಳು. ಫೋನನ್ನು ದಂಡೆಗೋಡೆಯ ಮೇಲೆ ನಿಲ್ಲಿಸಿ ಟೈಮರ್ ಇಡುವ ಸಾಹಸ ಬೇಡ, ಕೆಳಗೆ ವಲ್ತಾವ ನದಿ. ಅಷ್ಟು ಹೊತ್ತಿಗೆ ಬಂದಿರುವ ಇನ್ನೊಂದು ಜೋಡಿಗೂ ಫೋಟೋ ತೆಗೆಯುವವರು ಬೇಕಿರುತ್ತಾರೆ, ಕೊಡು–ಕೊಳ್ಳುವಿಕೆ ಸುಲಭ.

ಸೇತುವೆಗೆ ಅಡಿಗಲ್ಲು ಹಾಕಿಸಿದವನು ದೊರೆ ನಾಲ್ಕನೇ ಚಾರ್ಲ್ಸ್, 1357ರಲ್ಲಿ. ಉದ್ದ 516 ಮೀಟರ್, ಕಮಾನು 16. ಎರಡೂ ಬದಿಯ 30 ಮೂರ್ತಿಗಳು ಅದಕ್ಕಿಂತ ಬಹಳ ಈಚಿನವು, ಬಹುತೇಕ 1683ರಿಂದ 1714ರೊಳಗೆ ಬಂದವು. ಈಗ ಅಲ್ಲಿರುವವು ಹೆಚ್ಚಿನವು ನಕಲು. ಎಲ್ಲವನ್ನೂ ನೋಡುತ್ತ ಹೋಗಬೇಡಿ. ಬಲಗಡೆ ಎಂಟನೆಯದರ ಹತ್ತಿರ ನಿಲ್ಲಿ: ತಲೆಯ ಸುತ್ತ ಐದು ನಕ್ಷತ್ರವಿರುವ ನೆಪೊಮುಕ್‌ನ ಸಂತ ಜಾನ್. 1393ರಲ್ಲಿ ಈತನನ್ನು ಇದೇ ಸೇತುವೆಯಿಂದ ನದಿಗೆ ಎಸೆದರು. ಪೀಠದ ಕಂಚಿನ ಫಲಕಗಳನ್ನು ಮುಟ್ಟಿದರೆ ಒಳ್ಳೆಯದಾಗುತ್ತದೆಂಬ ನಂಬಿಕೆ. ಉಳಿದ ಕಂಚೆಲ್ಲ ಕಪ್ಪಾಗಿದ್ದರೆ ಕೈ ತಾಗುವಷ್ಟು ಭಾಗ ಮಾತ್ರ ಉಜ್ಜಿದ ಹಿತ್ತಾಳೆ ಚೊಂಬಿನ ಹಾಗೆ ಹೊಳೆಯುತ್ತದೆ. ಪ್ರೀತಿಯ ಬೀಗ ಹಾಕುವವರು ಈ ಸೇತುವೆಯನ್ನು ಬಿಟ್ಟುಬಿಡಿ. ಆಚೆ ದಡದ ಕಾಂಪಾ ದ್ವೀಪದ ಬಳಿ ಕಾಲುವೆಯ ಮೇಲಿನ ಪುಟ್ಟ ಸೇತುವೆಯ ಕಂಬಿಗಳು ಬೀಗಗಳಿಂದಲೇ ತುಂಬಿವೆ.

ಆಚೆ ದಡ ಮಾಲಾ ಸ್ತ್ರಾನಾ. ಇಲ್ಲೇ ತಿಂಡಿ ಮುಗಿಸಿ. ಎಂಟೂವರೆಯ ಹೊತ್ತಿಗೆ ಮಾಲೊಸ್ತ್ರಾನ್ಸ್ಕೆ ಚೌಕದ ನಿಲ್ದಾಣದಲ್ಲಿರಬೇಕು.

ಒಂಬತ್ತಕ್ಕೆ ಕೋಟೆಯ ಬಾಗಿಲು

22ನೇ ನಂಬರಿನ ಟ್ರ್ಯಾಮ್, ಬೀಲಾ ಹೊರಾ ದಿಕ್ಕಿನದು. ಗುಡ್ಡ ಹತ್ತಿದ ಮೇಲೆ 'ಪ್ರಜ್‌ಸ್ಕಿ ಹ್ರದ್' ನಿಲ್ದಾಣದಲ್ಲಿ ಇಳಿಯಿರಿ, ಹೆಸರಿನ ಅರ್ಥವೇ ಪ್ರಾಗ್ ಕೋಟೆ. ಅಲ್ಲಿಂದ ಐದು ನಿಮಿಷ ಸಮತಟ್ಟಾದ ನಡಿಗೆ, ಉತ್ತರದ ಬಾಗಿಲಿನಿಂದ ಎರಡನೇ ಅಂಗಳಕ್ಕೆ. ಹಳಿ ರಿಪೇರಿಯಿಂದ ಮಾರ್ಗ ಬದಲಾಗುವುದು ಇಲ್ಲಿ ಸಾಮಾನ್ಯ, ನಿಲ್ದಾಣದಲ್ಲಿ ಹಳದಿ ಕಾಗದ ಅಂಟಿಸಿದ್ದರೆ ನಂಬರು ಓದಿಕೊಂಡೇ ಹತ್ತಿ. ಈ 22 ಪ್ರವಾಸಿಗರ ಟ್ರ್ಯಾಮ್ ಆದ್ದರಿಂದ ಜೇಬುಗಳ್ಳರದೂ ಹೌದು. ಬ್ಯಾಗು ಬೆನ್ನಿಗಲ್ಲ, ಎದೆಗೆ.

ಅಂಗಳಗಳಿಗೆ ಟಿಕೆಟ್ ಬೇಡ, ಬ್ಯಾಗಿನ ತಪಾಸಣೆ ಮಾತ್ರ. ಒಳಗಿನ ಕಟ್ಟಡಗಳಿಗೆ ಸೇರಿಸಿ ಒಂದು ಟಿಕೆಟ್, 2025ರಲ್ಲಿ ದೊಡ್ಡವರಿಗೆ 450 ಕೊರುನಾ. ಎರಡು ದಿನ ನಡೆಯುತ್ತದೆ, ಆದರೆ ಒಂದೊಂದು ಕಟ್ಟಡಕ್ಕೆ ಒಂದೇ ಪ್ರವೇಶ. ಕಟ್ಟಡಗಳು ತೆರೆಯುವುದು ಒಂಬತ್ತಕ್ಕೆ. ಬೇಸಿಗೆಯಲ್ಲಿ ಐದಕ್ಕೆ, ಚಳಿಗಾಲದಲ್ಲಿ ನಾಲ್ಕಕ್ಕೆ ಮುಚ್ಚುತ್ತವೆ. ಹತ್ತರಿಂದ ಒಂದರವರೆಗೆ ಗುಂಪು ಗುಂಪಾಗಿ ಪ್ರವಾಸಿ ಬಸ್ಸಿನವರು ಬರುತ್ತಾರೆ. ಹಾಗಾಗಿ ಟಿಕೆಟ್ ಕೈಗೆ ಬಂದ ಕೂಡಲೇ ನೇರ ಸೇಂಟ್ ವಿಟಸ್ ಕಥೀಡ್ರಲ್. ಭಾನುವಾರ ಮಾತ್ರ ಈ ಕ್ರಮ ನಡೆಯುವುದಿಲ್ಲ, ಪ್ರಾರ್ಥನೆ ಇರುವುದರಿಂದ ಪ್ರವಾಸಿಗರಿಗೆ ಬಾಗಿಲು ತೆರೆಯುವುದು ಮಧ್ಯಾಹ್ನ 12ಕ್ಕೆ. ಅಂದು ಅರಮನೆ ಮೊದಲು ನೋಡಿ, ಕಥೀಡ್ರಲ್ ಕೊನೆಗೆ.

1344ರಲ್ಲಿ ಶುರುವಾದ ಈ ಕಟ್ಟಡ ಪೂರ್ತಿಯಾದದ್ದು 1929ರಲ್ಲಿ. ನಮ್ಮಲ್ಲಿ ಮನೆ ಕಟ್ಟಿಸುವವರಿಗೆ ಸಮಾಧಾನವಾಗಬೇಕಾದ ಅಂಕಿ. ಒಳಹೊಕ್ಕು ಎಡಗಡೆ ಮೂರನೇ ಕಿಟಕಿ ಚೆಕ್ ಚಿತ್ರಕಲಾವಿದ ಅಲ್ಫೋನ್ಸ್ ಮೂಖಾನದು. ಬೇರೆ ಕಿಟಕಿಗಳಲ್ಲಿ ಬಣ್ಣದ ಗಾಜಿನ ತುಂಡುಗಳನ್ನು ಜೋಡಿಸಿದ್ದರೆ ಇದರಲ್ಲಿ ಗಾಜಿನ ಮೇಲೆಯೇ ಬಣ್ಣ ಬರೆದಿದ್ದಾರೆ. ಪಕ್ಕದ ಕಿಟಕಿಯ ಜೊತೆ ಹೋಲಿಸಿದರೆ ವ್ಯತ್ಯಾಸ ತಕ್ಷಣ ಕಾಣುತ್ತದೆ. ಮುಂದೆ ನೆಪೊಮುಕ್‌ನದೇ ಬೆಳ್ಳಿಯ ಸಮಾಧಿ, ಸುಮಾರು ಎರಡು ಟನ್ ಬೆಳ್ಳಿ. ಬೆಳಗ್ಗೆ ಸೇತುವೆಯ ಮೇಲೆ ನೋಡಿದ ಅದೇ ವ್ಯಕ್ತಿ. ಹೊರಗೆ ಬಂದು ದಕ್ಷಿಣದ ಗೋಡೆಯ ಕಡೆ ತಿರುಗಿ ಬಾಗಿಲಿನ ಮೇಲ್ಭಾಗ ನೋಡಿ. ಲೋಕ ಮುಗಿಯುವಾಗ ದೇವರು ಕೊಡುವ ಅಂತಿಮ ತೀರ್ಪಿನ ಆ ಚಿತ್ರ 14ನೇ ಶತಮಾನದ್ದು, ಸುಮಾರು ಹತ್ತು ಲಕ್ಷ ಗಾಜು–ಕಲ್ಲಿನ ಚೂರುಗಳಿಂದ ಆದದ್ದು. ಗೋಪುರ ಹತ್ತಲು ಬೇರೆ ಟಿಕೆಟ್, 287 ಮೆಟ್ಟಿಲು, ಸುರುಳಿಯಾಗಿ. ಈ ದಿನಕ್ಕೆ ಅದು ಬೇಡ. ಸಂಜೆ ಇನ್ನೊಂದು ಗೋಪುರವಿದೆ, ಅದಕ್ಕೆ ಲಿಫ್ಟ್ ಇದೆ.

ಹಳೆಯ ಅರಮನೆಯಲ್ಲಿ ವ್ಲಾದಿಸ್ಲಾವ್ ಸಭಾಂಗಣ. ಉದ್ದ 62 ಮೀಟರ್, ನಡುವೆ ಒಂದೂ ಕಂಬವಿಲ್ಲ. ಕುದುರೆ ಮೇಲೆ ಕೂತೇ ಒಳಗೆ ಬಂದು ಕಾಳಗದ ಆಟ ಆಡುತ್ತಿದ್ದರು. ಹೊರಹೋಗುವ ಮೆಟ್ಟಿಲು ಅಗಲವಾಗಿ, ತಗ್ಗಾಗಿರುವುದು ಕುದುರೆಯ ಕಾಲಿಗೆಂದು. ಪಕ್ಕದ ಕೋಣೆಯ ಕಿಟಕಿಯಿಂದಲೇ 1618ರ ಮೇ 23ರಂದು ರಾಜನ ಇಬ್ಬರು ಅಧಿಕಾರಿಗಳನ್ನೂ ಅವರ ಗುಮಾಸ್ತನನ್ನೂ ಹೊರಗೆ ಎಸೆದರು. ಮೂವರೂ ಬದುಕಿದರು, ಆದರೆ ಯುರೋಪಿಗೆ ಮೂವತ್ತು ವರ್ಷದ ಯುದ್ಧ ಹತ್ತಿಕೊಂಡಿತು.

ಸೇಂಟ್ ಜಾರ್ಜ್ ಬೆಸಿಲಿಕಾಕ್ಕೆ ಹತ್ತು ನಿಮಿಷ ಸಾಕು. ಕೊನೆಯಲ್ಲಿ ಚಿನ್ನದ ಓಣಿ, ಗೊಂಬೆ ಮನೆಯಂಥ ಹನ್ನೊಂದೋ ಹನ್ನೆರಡೋ ಮನೆಗಳ ಸಾಲು. 22ನೇ ನಂಬರಿನ ನೀಲಿ ಮನೆಯಲ್ಲಿ 1916–17ರ ಹೊತ್ತಿಗೆ ಸಾಹಿತಿ ಫ್ರಾನ್ಸ್ ಕಾಫ್ಕಾ ಕೂತು ಬರೆಯುತ್ತಿದ್ದ. ಬಾಗಿಲು ಎತ್ತರದವರ ಹಣೆಗೆ ಸರಿಯಾಗಿದೆ, ಬಗ್ಗಿ.

ಹನ್ನೆರಡಕ್ಕೆ ಮೊದಲ ಅಂಗಳದಲ್ಲಿ ಕಹಳೆಯೊಂದಿಗೆ ಕಾವಲು ಬದಲಾವಣೆ ನಡೆಯುತ್ತದೆ. ಅದನ್ನು ನೋಡಲು ನೀವು ಪಶ್ಚಿಮದ ತುದಿಗೆ ವಾಪಸು ನಡೆಯಬೇಕು, ಮುಂದಿನ ಸಾಲು ಬೇಕಾದರೆ ಅರ್ಧ ಗಂಟೆ ಮುಂಚೆ ನಿಲ್ಲಬೇಕು. ನಮ್ಮ ಮಟ್ಟಿಗೆ ಅದು ಅಷ್ಟು ಬೆಲೆ ಬಾಳುವುದಿಲ್ಲ. ಪೂರ್ವದ ಬಾಗಿಲಿನಿಂದ ಹಳೇ ಕೋಟೆ ಮೆಟ್ಟಿಲು ಹಿಡಿದು ಇಳಿದುಬಿಡಿ. ಎಡಕ್ಕೆ ದ್ರಾಕ್ಷಿತೋಟ, ಕೆಳಗೆ ಮಾಲೊಸ್ತ್ರಾನ್ಸ್ಕಾ ಮೆಟ್ರೋ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನಿಲ್ದಾಣದ ಪಕ್ಕದಲ್ಲೇ ವಾಲ್ಡ್‌ಸ್ಟೈನ್ ಉದ್ಯಾನ ತೆರೆದಿರುತ್ತದೆ, ಪ್ರವೇಶ ಉಚಿತ, ಬಿಳಿ ನವಿಲುಗಳು ಓಡಾಡುತ್ತವೆ. ಬೆಂಚಿನ ಮೇಲೆ ಕೂತು ಶೂ ಬಿಚ್ಚಿ ಕಾಲು ಚಾಚಲು ಇದಕ್ಕಿಂತ ಒಳ್ಳೆಯ ಜಾಗ ಈ ದಾರಿಯಲ್ಲಿಲ್ಲ.

ಊಟ, ವಿಶೇಷವಾಗಿ ಸಸ್ಯಾಹಾರಿಗಳಿಗೆ

ವಾರದ ದಿನಗಳಲ್ಲಿ ಹನ್ನೊಂದರಿಂದ ಎರಡರವರೆಗೆ 'ಪೊಲೆದ್ನೀ ಮೆನು' ಎಂಬ ಫಲಕ ಹುಡುಕಿ. ಅದು ಆಫೀಸಿನವರ ಮಧ್ಯಾಹ್ನದ ಊಟ, ಸೂಪು ಮತ್ತು ಒಂದು ಮುಖ್ಯ ತಿನಿಸು, ದರವೂ ಕಡಿಮೆ. ಸೇತುವೆ, ಚೌಕಗಳಿಂದ ಎರಡು ಬೀದಿ ಒಳಗೆ ಹೋದರೆ ಸಿಗುತ್ತದೆ. ಎರಡು ಗಂಟೆ ದಾಟಿದರೆ ಅಡುಗೆ ಖಾಲಿಯಾಗಿರುತ್ತದೆ.

ಮಾಂಸ ಬೇಡವೆನ್ನಲು 'ಬೆಸ್ ಮಸಾ'. ಇಷ್ಟರಿಂದಲೇ ನಿಶ್ಚಿಂತೆಯಿಲ್ಲ: ತರಕಾರಿ ಸೂಪನ್ನೂ ಮಾಂಸದ ಸಾರಿನಲ್ಲೇ ಕುದಿಸಿರಬಹುದು, ಅದಕ್ಕೆ 'ವೀವರ್' ಎನ್ನುತ್ತಾರೆ, ಕೇಳಿ ಖಾತ್ರಿ ಮಾಡಿಕೊಳ್ಳಿ. ಕರಿಯಲು ಹಂದಿ ಕೊಬ್ಬು ಬಳಸುವುದೂ ಉಂಟು. ಹೊಟ್ಟೆ ತುಂಬಿಸುವಂಥದ್ದು 'ಸ್ಮಾಜೆನೀ ಸೀರ್', ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದ ಚೀಸಿನ ದಪ್ಪ ಬಿಲ್ಲೆ, ಜೊತೆಗೆ ಆಲೂಗಡ್ಡೆ. ಬಿಸಿಯಿರುವಾಗಲೇ ತಿನ್ನಬೇಕು, ಆರಿದರೆ ರಬ್ಬರು. ಜೊತೆಗೆ ಬರುವ ತಾರ್ತಾರ್ ಸಾಸಿನಲ್ಲಿ ಮೊಟ್ಟೆ ಇರುತ್ತದೆ. 'ಬ್ರಾಂಬೊರಾಕ್' ಎಂದರೆ ತುರಿದ ಆಲೂಗಡ್ಡೆಯ ದೋಸೆ ಎನ್ನಬಹುದು, ಬೆಳ್ಳುಳ್ಳಿ ಘಾಟು ನಮ್ಮ ನಾಲಿಗೆಗೆ ಹಿತ. ಹಿಟ್ಟಿಗೆ ಮೊಟ್ಟೆ ಬೀಳುತ್ತದೆ. ಮೊಟ್ಟೆ ತಿನ್ನದವರು ಹಣ್ಣು–ಬ್ರೆಡ್ಡು–ಚೀಸು ಕೊಂಡು ಉದ್ಯಾನದಲ್ಲಿ ಕೂರುವುದು, ಇಲ್ಲವೇ ಭಾರತೀಯ ಹೋಟೆಲಿಗೆ ಹೋಗುವುದು ಪ್ರಾಮಾಣಿಕವಾದ ಸಲಹೆ.

ಕೇಳದೆ ಮೇಜಿನ ಮೇಲೆ ತಂದಿಟ್ಟ ಬ್ರೆಡ್ಡಿಗೂ ಬಿಲ್ಲು ಬರಬಹುದು. ಬೇಡವಾದರೆ ಮುಟ್ಟದೆ ವಾಪಸು ಕೊಡಿ. ಟಿಪ್ಸ್ ಶೇ. 10, ಕಾರ್ಡ್ ತೀಡುವ ಮುಂಚೆಯೇ ಒಟ್ಟು ಮೊತ್ತ ಹೇಳಬೇಕು. ಬಿಲ್ ಕೇಳಲು 'ಜಪ್ಲಾತಿಮೆ', ಅಂದರೆ ದುಡ್ಡು ಕೊಡುತ್ತೇವೆ. ಎದುರಿನವರು 'ನೋ, ನೋ' ಎಂದರೆ ಗಾಬರಿ ಬೇಡ, ಚೆಕ್ ಭಾಷೆಯಲ್ಲಿ ಅದು ನಮ್ಮ 'ಹೂಂ, ಹೂಂ'. ಶೌಚಾಲಯದ ಬಾಗಿಲಿನಲ್ಲಿ 'ಪಾನಿ' ಎಂದಿದ್ದರೆ ನೀರಲ್ಲ, ಗಂಡಸರು, ಹೆಂಗಸರಿಗೆ 'ದಾಮಿ'.

ಮಧ್ಯಾಹ್ನ: ಒಂದನ್ನೇ ಆರಿಸಿ

ವಾಪಸು ಹೊಳೆ ದಾಟಲು ಚಾರ್ಲ್ಸ್ ಸೇತುವೆ ಬೇಡ, ಮೆಟ್ರೋ ನಿಲ್ದಾಣದಿಂದ ಸಮೀಪದ ಮಾನೆಸ್ ಸೇತುವೆ ಹಿಡಿಯಿರಿ. ಬೆಳಗ್ಗೆ ನೀವಿದ್ದ ಸೇತುವೆ ಈಗ ಹೇಗೆ ಗಿಜಿಗುಡುತ್ತಿದೆ ಎನ್ನುವುದು ಅಲ್ಲಿಂದ ಕಾಣುತ್ತದೆ.

ಆಚೆಗೆ ಯೊಸೆಫೊವ್, ಹಳೆಯ ಯಹೂದಿ ಪೇಟೆ. ಇಲ್ಲಿನ ಸಿನಗಾಗ್‌ಗಳು (ಯಹೂದಿ ಪ್ರಾರ್ಥನಾ ಮಂದಿರಗಳು) ಮತ್ತು ಸ್ಮಶಾನ ಶನಿವಾರ, ಯಹೂದಿ ಹಬ್ಬಗಳಂದು ಮುಚ್ಚಿರುತ್ತವೆ. ಪಿಂಕಾಸ್ ಸಿನಗಾಗಿನ ಗೋಡೆಗಳ ಮೇಲೆ ನಾಜಿಗಳಿಗೆ ಬಲಿಯಾದ ಸುಮಾರು 78,000 ಜನರ ಹೆಸರುಗಳನ್ನು ಕೈಯಲ್ಲಿ ಬರೆದಿದ್ದಾರೆ. ದೂರದಿಂದ ಬೂದು ಬಣ್ಣದ ಗೋಡೆ, ಹತ್ತಿರ ಹೋದರೆ ಊರು, ಮನೆತನ, ದಿನಾಂಕ. ಅದರ ಹಿಂದೆಯೇ 15ರಿಂದ 18ನೇ ಶತಮಾನದವರೆಗಿನ ಸ್ಮಶಾನ. ಜಾಗವಿಲ್ಲದೆ ಮಣ್ಣಿನ ಮೇಲೆ ಮಣ್ಣು ಹಾಕಿ ಹೂಳಿದ್ದರಿಂದ ಸುಮಾರು 12,000 ಕಲ್ಲುಗಳು ಒಂದರ ಮೇಲೊಂದು ವಾಲಿವೆ. ಇದು ನಗುತ್ತ ಫೋಟೋ ತೆಗೆಸಿಕೊಳ್ಳುವ ಜಾಗವಲ್ಲ. ಎರಡು ಗಂಟೆ ಬೇಕು. ಅಷ್ಟು ಮನಸ್ಸಿಲ್ಲವಾದರೆ ಬೇಸರಪಟ್ಟುಕೊಳ್ಳದೆ ಹೋಟೆಲಿಗೆ ಹೋಗಿ ಒಂದು ನಿದ್ದೆ ಮಾಡಿ. ಆರಕ್ಕೆ ಎದ್ದವರಿಗೆ ಅದು ಬೇಕಾಗುತ್ತದೆ.

ಗಡಿಯಾರ ಓದುವುದು ಹೇಗೆ

ಹಳೇ ಪುರಭವನದ ಗಡಿಯಾರದ ಹೆಸರು ಓರ್ಲೊಯ್, 1410ರದ್ದು. ಬೆಳಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಗಂಟೆಗೊಮ್ಮೆ ಅಸ್ಥಿಪಂಜರ ಹಗ್ಗ ಜಗ್ಗುತ್ತದೆ, ಮೇಲಿನ ಎರಡು ಕಿಟಕಿಗಳಲ್ಲಿ ಹನ್ನೆರಡು ಅಪೊಸ್ತಲರು (ಯೇಸುವಿನ ಶಿಷ್ಯರು) ಹಾದುಹೋಗುತ್ತಾರೆ, ಕೋಳಿ ಕೂಗುತ್ತದೆ, ಮುಗಿಯಿತು. ಒಂದು ನಿಮಿಷದ ಒಳಗಿನ ಆಟ. ಎಲ್ಲರ ಕತ್ತೂ ಮೇಲೆ, ಎರಡೂ ಕೈ ಫೋನಿನ ಮೇಲೆ. ಜೇಬುಗಳ್ಳರಿಗೆ ಇದು ನಿಗದಿತ ಮುಹೂರ್ತ. ಒಬ್ಬರು ವಿಡಿಯೋ ಮಾಡಿದರೆ ಇನ್ನೊಬ್ಬರು ಬ್ಯಾಗು ನೋಡಿಕೊಳ್ಳಿ.

ನಿಜವಾದ ವಿಶೇಷವಿರುವುದು ಮುಳ್ಳಿನ ಬಿಲ್ಲೆಯಲ್ಲಿ, ಪಂಚಾಂಗ ನೋಡಿ ಬೆಳೆದ ನಮಗೆ ಅದು ಬೇಗ ಹಿಡಿಯುತ್ತದೆ. ಜನ ಚದುರಿದ ಮೇಲೆ ನಿಂತು ನೋಡಿ. ಹಿನ್ನೆಲೆಯ ನೀಲಿ ಹಗಲು, ಕೆಳಗಿನ ಕಪ್ಪು ರಾತ್ರಿ, ನಡುವಿನ ಕಂದು ಸಂಧ್ಯಾಕಾಲ. ಚಿನ್ನದ ಸೂರ್ಯ ಈಗ ಯಾವ ಬಣ್ಣದ ಮೇಲಿದ್ದಾನೋ ಅದೇ ಈಗಿನ ಹೊತ್ತು. ಚಿನ್ನದ ಕೈ ತೋರಿಸುವ ರೋಮನ್ ಅಂಕಿ ಸಾಮಾನ್ಯ ಗಂಟೆ. ಅದರ ಹೊರಗೆ, ಕಪ್ಪು ಉಂಗುರದ ಮೇಲೆ ಹಳೆಯ ಅಕ್ಷರದಲ್ಲಿ 1ರಿಂದ 24ರವರೆಗೆ ಬರೆದದ್ದು ಹಳೇ ಬೊಹೀಮಿಯಾದ (ಪ್ರಾಗ್ ಸುತ್ತಲಿನ ಚೆಕ್ ನಾಡಿನ) ಗಂಟೆ. ಅಲ್ಲಿ ದಿನ ಮುಗಿಯುವುದು ಸೂರ್ಯಾಸ್ತಕ್ಕೆ. ಸೂರ್ಯಾಸ್ತ ದಿನವೂ ಸರಿಯುವುದರಿಂದ ಆ ಉಂಗುರವೂ ವರ್ಷವಿಡೀ ಸ್ವಲ್ಪ ಸ್ವಲ್ಪ ತಿರುಗುತ್ತಿರುತ್ತದೆ. ಚಿನ್ನದ ಕೈ ಆ ಉಂಗುರದಲ್ಲಿ ತೋರಿಸುವ ಅಂಕಿಯನ್ನು 24ರಿಂದ ಕಳೆಯಿರಿ, ಸೂರ್ಯ ಮುಳುಗಲು ಇನ್ನೆಷ್ಟು ಗಂಟೆ ಎನ್ನುವುದು ಸಿಕ್ಕಿತು.

ನೀಲಿಯ ಮೇಲಿನ ಬಾಗಿದ ಚಿನ್ನದ ಗೆರೆಗಳು ಹಗಲನ್ನು ಹನ್ನೆರಡು ಪಾಲು ಮಾಡುತ್ತವೆ. ಬೇಸಿಗೆಯಲ್ಲಿ ಪಾಲು ದೊಡ್ಡದು, ಚಳಿಗಾಲದಲ್ಲಿ ಸಣ್ಣದು. ನಮ್ಮ ಜ್ಯೋತಿಷ್ಯದ ಹೋರೆಯೂ ಹಗಲನ್ನು ಹೀಗೇ ಹನ್ನೆರಡಾಗಿ ಹಂಚುತ್ತದೆ, ರಾಹುಕಾಲಕ್ಕೆ ಎಂಟಾಗಿ. ಒಳಗೆ ಒಂದು ಬದಿಗೆ ಸರಿದಂತಿರುವ ಉಂಗುರ ರಾಶಿಚಕ್ರ, ಸೂರ್ಯ ಯಾವ ರಾಶಿಯಲ್ಲಿದ್ದಾನೆಂದು ಅಲ್ಲಿ ಕಾಣುತ್ತದೆ. ನಮ್ಮ ಪಂಚಾಂಗದ ರಾಶಿಗಿಂತ ಮೂರು ವಾರ ಚಿಲ್ಲರೆ ಮುಂದಿರುತ್ತದೆ, ಏಕೆಂದರೆ ಅದು ಸಾಯನ ಲೆಕ್ಕ, ನಕ್ಷತ್ರಗಳಿಂದಲ್ಲದೆ ವಿಷುವದಿಂದ ರಾಶಿ ಎಣಿಸುವುದು. ಅರ್ಧ ಬೆಳ್ಳಿ, ಅರ್ಧ ಕಪ್ಪಿನ ಚಿಕ್ಕ ಗುಂಡು ಚಂದ್ರ. ತನ್ನಷ್ಟಕ್ಕೆ ತಿರುಗುತ್ತ ಪಕ್ಷ ತೋರಿಸುತ್ತದೆ.

ಪುರಭವನದ ಟಿಕೆಟ್ ಕೊಂಡರೆ ಲಿಫ್ಟಿನಲ್ಲಿ ಗೋಪುರಕ್ಕೂ ಹೋಗಬಹುದು, ಒಳಗಿನ ಪ್ರಾರ್ಥನಾ ಮಂದಿರದಿಂದ ಅಪೊಸ್ತಲರ ಗೊಂಬೆಗಳನ್ನು ಹಿಂದಿನಿಂದ ನೋಡಬಹುದು. ಎದುರಿಗೆ ಟಿನ್ ಚರ್ಚಿನ ಜೋಡಿ ಗೋಪುರ. ಸರಿಯಾಗಿ ನೋಡಿದರೆ ಒಂದು ಇನ್ನೊಂದಕ್ಕಿಂತ ದಪ್ಪ; ಆದಾಮ, ಹವ್ವ ಎಂದು ಕರೆಯುತ್ತಾರೆ, ದಪ್ಪನೆಯವನು ಆದಾಮ. ಪುರಭವನದ ಪೂರ್ವ ಗೋಡೆಯ ಬುಡದಲ್ಲಿ ನೆಲಹಾಸಿನಲ್ಲಿ 27 ಬಿಳಿ ಶಿಲುಬೆಗಳಿವೆ, 1621ರ ಜೂನ್ 21ರಂದು ಅಲ್ಲಿ ಮರಣದಂಡನೆಗೆ ಗುರಿಯಾದ ಬಂಡಾಯದ ಮುಖಂಡರ ಗುರುತು.

ಸಂಜೆ

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಾದರೆ ರಾಷ್ಟ್ರೀಯ ರಂಗಮಂದಿರದ ಪಕ್ಕದ ಸ್ಲೊವಾನ್ಸ್ಕಿ ದ್ವೀಪಕ್ಕೆ ಹೋಗಿ ಪೆಡಲ್ ದೋಣಿ ಹಿಡಿಯಿರಿ. ಗಂಟೆ ಲೆಕ್ಕದ ಬಾಡಿಗೆ, ಗುರುತಿನ ಚೀಟಿ ಅಥವಾ ಠೇವಣಿ ಕೇಳಬಹುದು. ಹೊಳೆಯಲ್ಲಿ ಅಡ್ಡಗಟ್ಟೆಗಳಿವೆ, ತೇಲುಬುರುಡೆಗಳ ಗುರುತು ದಾಟಬೇಡಿ. ಹೋಗುವಾಗ ಹಗುರ ಎನಿಸಿದರೆ ಬರುವಾಗ ನೀರಿಗೆ ಎದುರಾಗಿ ತುಳಿಯಬೇಕೆಂದು ನೆನಪಿರಲಿ. ಸೂರ್ಯಾಸ್ತಕ್ಕೆ ಮುಂಚಿನ ಒಂದು ಗಂಟೆ ಸರಿಯಾದ ಹೊತ್ತು. ಜೂನ್‌ನಲ್ಲಿ ಅದು ರಾತ್ರಿ ಎಂಟೂಕಾಲು. ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲು, ದೋಣಿಯೂ ಇಲ್ಲ; ಆಗ ಸಂಗೀತ ಕೇಳಿ. ಬೀದಿಯಲ್ಲಿ ವಿಗ್ಗು ತೊಟ್ಟವರು ಮಾರುವ ಟಿಕೆಟ್ ಬೇಡ. ರುಡೋಲ್ಫಿನುಮ್ ಸಂಗೀತ ಭವನ ಅಥವಾ ಎಸ್ಟೇಟ್ಸ್ ರಂಗಮಂದಿರದ ಕೌಂಟರಿನಲ್ಲೇ ವಿಚಾರಿಸಿ. ಎರಡನೆಯದರಲ್ಲಿ 1787ರಲ್ಲಿ ಸಂಗೀತಗಾರ ಮೊಟ್ಸಾರ್ಟ್ ತನ್ನ ಹೊಸ ಆಪೆರಾವೊಂದರ (ಸಂಗೀತ ನಾಟಕದ) ಮೊದಲ ಪ್ರದರ್ಶನವನ್ನು ತಾನೇ ನಿಂತು ನಡೆಸಿದ್ದ.

ಮೆಟ್ರೋ ನಡುರಾತ್ರಿಯ ಹೊತ್ತಿಗೆ ನಿಲ್ಲುತ್ತದೆ. ಆಮೇಲೆ 91ರಿಂದ 99ರವರೆಗಿನ ರಾತ್ರಿ ಟ್ರ್ಯಾಮ್‌ಗಳಿವೆ, ಎಲ್ಲವೂ ಲಜಾರ್ಸ್ಕಾ ನಿಲ್ದಾಣದಲ್ಲಿ ಸೇರುತ್ತವೆ. ದಾರಿ ತಪ್ಪಿದರೆ ಅಲ್ಲಿಗೆ ಬಂದರೆ ಸಾಕು. ಬೆಳಗ್ಗೆ ಮುದ್ರೆ ಒತ್ತಿಸಿದ 24 ಗಂಟೆಯ ಟಿಕೆಟ್ ಇದಕ್ಕೂ ನಡೆಯುತ್ತದೆ, ಮರುದಿನ ಬೆಳಗ್ಗೆ ಅದೇ ಹೊತ್ತಿನವರೆಗೂ.